ಮಂಡಿನೋವಿನ ಅಮ್ಮನ ಜೊತೆ ಕಾರಿಲ್ಲದ ಮ್ಯೂರೆನ್‌ನಲ್ಲಿ: ನನ್ನ ಅನುಭವ

ಎಪ್ಪತ್ತು ದಾಟಿದ ಅಮ್ಮ, ಅವರ ಮಂಡಿನೋವು, ಮಡಿ ಅಡುಗೆ, ಜೊತೆಗೆ ಕಾರೇ ಹೋಗದ ಊರು. ಇವೆಲ್ಲ ಒಟ್ಟಿಗೆ ಆಗೋ ಮಾತೇ ಅಲ್ಲ ಅಂತ ನಮ್ಮ ಬಳಗದಲ್ಲಿ ಎಲ್ಲರೂ ಹೇಳಿಬಿಟ್ಟಿದ್ದರು. "ಅಡುಗೆಯವರನ್ನೂ ಕರ್ಕೊಂಡು ಹೋಗೋ ಪ್ಯಾಕೇಜಿಗೆ ಹಾಕು, ಬಸ್ಸಲ್ಲಿ ಕೂತು ನೋಡ್ಲಿ" ಅಂದರು ನಮ್ಮ ದೊಡ್ಡಪ್ಪ. ಕೊನೆಗೆ 2023ರ ಜೂನ್‌ನಲ್ಲಿ ಅಮ್ಮ, ನಾನು, ಹೆಂಡತಿ ಮೂವರೂ ಸ್ವಿಟ್ಜರ್ಲೆಂಡಿನ ಮ್ಯೂರೆನ್‌ನಲ್ಲಿ ಹತ್ತಿರಹತ್ತಿರ ಒಂದು ವಾರ ಆರಾಮಾಗಿ ಇದ್ದು ಬಂದೆವು. ಅಮ್ಮನನ್ನು ಒಂದು ಸಲವೂ ಟ್ಯಾಕ್ಸಿ ಹತ್ತಿಸಲಿಲ್ಲ.

ಪ್ಯಾಕೇಜಿನ ರುಚಿ ನನಗೆ ಮೊದಲೇ ಆಗಿತ್ತು. ಕೆಲವು ವರ್ಷದ ಹಿಂದೆ ಒಂದು ಟೂರ್ ಕಂಪನಿಯವರ ಜೊತೆ ಹೋದಾಗ ಮ್ಯೂರೆನ್‌ನ ಕೆಳಗಿನ ಕಣಿವೆ ತೋರಿಸಿದ್ದು ಒಂದೇ ಗಂಟೆ. ಲೌಟರ್‌ಬ್ರುನ್ನೆನ್‌ನಲ್ಲಿ ಬಸ್ ನಿಲ್ಲಿಸಿ, ಸುಮಾರು 300 ಮೀಟರ್ ಎತ್ತರದ ಸ್ಟೌಬಾಖ್ ಜಲಪಾತದ ಮುಂದೆ ಫೋಟೋ ತೆಗೆಸಿ, ಮತ್ತೆ ಬಸ್ಸಿಗೆ ಹತ್ತಿಸಿದರು. ಆ ಬಂಡೆಯ ಮೇಲಿನ ಅಂಚಿನಲ್ಲಿ ಒಂದು ಊರಿದೆ, ಅಲ್ಲಿಗೆ ರಸ್ತೆ ಇಲ್ಲ ಅಂತ ಗೊತ್ತಾದಾಗಿನಿಂದ ನನ್ನ ತಲೆಯಲ್ಲಿ ಅದೇ ಕೊರೆಯುತ್ತಿತ್ತು.

ಮೊದಲು ಹಾಕಿದ್ದ ಪ್ಲಾನ್ ಮೇ ತಿಂಗಳಿಗೆ. ವೀಸಾ ಅಪಾಯಿಂಟ್‌ಮೆಂಟ್ ಸಿಗದೆ ಅದು ಬಿದ್ದುಹೋಯಿತು. ಮನೆಗೆ ಕಟ್ಟಿದ್ದ ಮುಂಗಡ, ಸುಮಾರು ಹದಿನೆಂಟು ಸಾವಿರ ರೂಪಾಯಿ, ವಾಪಸ್ ಬರಲಿಲ್ಲ. ಹೊಟ್ಟೆ ಉರಿಯಿತು. ಆದರೆ ಮೇನಲ್ಲಿ ಅಲ್ಲಿನ ಹೋಟೆಲು, ಅಂಗಡಿಗಳು ಎಷ್ಟೋ ಮುಚ್ಚಿರುತ್ತವೆ, ಕೇಬಲ್ ಕಾರುಗಳನ್ನೂ ರಿಪೇರಿಗೆ ನಿಲ್ಲಿಸುವ ಕಾಲ ಅದು. ಜೂನ್ ಕೊನೆಗೆ ಹುಲ್ಲುಗಾವಲು ತುಂಬ ಹೂವು, ಹಸುಗಳೂ ಮೇಲೆ ಬಂದಿದ್ದವು. ವಯಸ್ಸಾದವರನ್ನು ಕರೆದೊಯ್ಯುವವರು ಜೂನ್ ಮಧ್ಯಕ್ಕಿಂತ ಮುಂಚೆ ಹೋಗಲೇಬೇಡಿ.

ನನ್ನ ಲೆಕ್ಕಾಚಾರ ನಿಂತಿದ್ದು ಮನೆ ಎಲ್ಲಿದೆ ಅನ್ನೋದರ ಮೇಲೆ. ಮ್ಯೂರೆನ್‌ಗೆ ಎರಡು ತುದಿ: ಒಂದು ಕಡೆ ಪುಟ್ಟ ರೈಲಿನ ನಿಲ್ದಾಣ, ಇನ್ನೊಂದು ಕಡೆ ಶಿಲ್ಟ್‌ಹಾರ್ನ್ ಶಿಖರಕ್ಕೆ ಹೋಗುವ ಕೇಬಲ್ ಕಾರು. ನಡುವೆ ಸುಮಾರು ಒಂದು ಕಿಲೋಮೀಟರ್. ಊರು ಬೆಟ್ಟದ ಮೇಲಿದ್ದರೂ ಮುಖ್ಯ ದಾರಿ ಹೆಚ್ಚುಕಡಿಮೆ ಸಮತಟ್ಟು, ಏರು ಶುರುವಾಗುವುದು ಪಕ್ಕದ ಓಣಿಗಳಲ್ಲಿ. ರೈಲಿನ ತುದಿಗೆ ಹತ್ತಿರ, ಮುಖ್ಯ ದಾರಿಯಲ್ಲೇ, ಮೆಟ್ಟಿಲಿಲ್ಲದ, ಅಡುಗೆಮನೆ ಇರುವ ಮನೆ ಬೇಕು ಅಂತ ಹಟ ಹಿಡಿದೆ. ಸಿಕ್ಕಿತು, ರಾತ್ರಿಗೆ 180 ಫ್ರಾಂಕ್ ಆಸುಪಾಸು. ಅದನ್ನು ಹೇಗೆ ಹುಡುಕಿದೆ, ಮಾಲೀಕರಿಗೆ ಏನು ಬರೆದು ಬೆಲೆ ಇಳಿಸಿದೆ ಅನ್ನೋದನ್ನು ಇಲ್ಲಿ ಹೇಳಲ್ಲ. ಮತ್ತೆ ಮ್ಯೂರೆನ್‌ಗೆ ಹೋದಾಗಲೂ ನನಗೆ ಅದೇ ಮನೆ ಬೇಕು.

ಜ್ಯೂರಿಕ್ ಏರ್‌ಪೋರ್ಟಿನಿಂದ ಬರ್ನ್, ಇಂಟರ್‌ಲಾಕೆನ್ ಓಸ್ಟ್, ಲೌಟರ್‌ಬ್ರುನ್ನೆನ್. ಅಲ್ಲಿಂದ ಕೇಬಲ್ ಕಾರಿನಲ್ಲಿ ನಾಲ್ಕೇ ನಿಮಿಷಕ್ಕೆ ಗ್ರ್ಯೂಚ್‌ಆಲ್ಪ್, ಸುಮಾರು 700 ಮೀಟರ್ ಮೇಲೆ. ಆಮೇಲೆ 1891ರಿಂದ ಓಡುತ್ತಿರುವ ಮಾರ್ಗದ ಪುಟ್ಟ ರೈಲು, ಕಾಲು ಗಂಟೆಯೊಳಗೆ ಮ್ಯೂರೆನ್. ರೈಲಿನಲ್ಲಿ ಎಡಗಡೆ ಕಿಟಕಿ ಹಿಡಿಯಿರಿ: ಐಗರ್, ಮೋಂಖ್, ಯುಂಗ್‌ಫ್ರಾವ್ ಮೂರೂ ಶಿಖರ ಎದುರಿಗೇ. ಇಷ್ಟು ಸಲ ಇಳಿದು ಹತ್ತುವುದೇ ಅಮ್ಮನಿಗೆ ಕಷ್ಟ ಅಂತ ಎಲ್ಲರೂ ಹೆದರಿಸಿದ್ದರು. ಪ್ರತಿ ಬದಲಾವಣೆಗೂ ಒಂದು ರೈಲು ಬೇಕಂತಲೇ ಬಿಟ್ಟು ಮುಂದಿನದಕ್ಕೆ ಹತ್ತಿದೆವು. ಒಂದೂವರೆ ಗಂಟೆ ಹೆಚ್ಚಾಯಿತು, ಮಂಡಿ ಉಳಿಯಿತು.

ಗ್ರ್ಯೂಚ್‌ಆಲ್ಪ್‌ನಲ್ಲಿ ಅಮ್ಮ ಬೆಟ್ಟಕ್ಕಿಂತ ಹೆಚ್ಚು ನೋಡಿದ್ದು ಸಾಮಾನನ್ನು. ಊರಿಗೆ ಬೇಕಾದ ಸರಕು ಕ್ಯಾಬಿನ್ನಿನ ಅಡಿಯಲ್ಲಿ ತೂಗಿಕೊಂಡು ಮೇಲೆ ಬರುತ್ತೆ, ಅಲ್ಲಿಂದ ರೈಲಿಗೆ ಸಾಗುತ್ತೆ. ಹಾಲಿನ ಕ್ರೇಟು, ಸಿಮೆಂಟು, ಯಾರದೋ ಹೊಸ ಹಾಸಿಗೆ. "ಒಂದು ಟೊಮೆಟೊನೂ ಹೀಗೇ ಬರಬೇಕಲ್ಲೋ" ಅಂದರು. ಅಲ್ಲಿನ ಬೆಲೆ ನೋಡಿ ಅವರು ಆಮೇಲೆ ಒಂದು ದಿನವೂ ಗೊಣಗಲಿಲ್ಲ. ಊರೊಳಗೆ ಓಡಾಡುವುದು ಹೋಟೆಲಿನ ಸಾಮಾನಿನ ಎಲೆಕ್ಟ್ರಿಕ್ ಗಾಡಿ, ರೈತರ ಪುಟ್ಟ ಟ್ರ್ಯಾಕ್ಟರ್, ಅಷ್ಟೇ.

ಅಡುಗೆಯಲ್ಲಿ ನಾನು ಒಂದಿಷ್ಟು ಪ್ರಯೋಗ ಮಾಡಿದೆ. 1640 ಮೀಟರ್ ಎತ್ತರದಲ್ಲಿ ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತೆ. ಮೊದಲ ದಿನ ತೊಗರಿಬೇಳೆಯನ್ನು ಬರೀ ಪಾತ್ರೆಯಲ್ಲಿಟ್ಟು ನೋಡಿದೆ. ಒಂದು ಗಂಟೆ ಕಳೆದರೂ ಗಟ್ಟಿಗಟ್ಟಿ. ಒಯ್ದಿದ್ದ ಎರಡು ಲೀಟರಿನ ಸ್ಟೀಲ್ ಕುಕ್ಕರ್ ಕೆಲಸಕ್ಕೆ ಬಂತು. ಇಂಡಕ್ಷನ್ ತಳದ್ದೇ ಒಯ್ಯಿರಿ, ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್ ಒಲೆಯ ಮೇಲೆ ಬಿಸಿಯೇ ಆಗಲ್ಲ. ನಮ್ಮ ಮೂರು ಪಿನ್ನಿನ ಪ್ಲಗ್ ಅಲ್ಲಿ ಕೂರಲ್ಲ, ತೆಳ್ಳಗಿನ ಎರಡು ಪಿನ್ನಿನದು ಕೂರುತ್ತೆ. ಹಾಲಿನ ಪದಾರ್ಥ ಭಾರತದಿಂದ ಒಯ್ಯುವಂತಿಲ್ಲ, ಹಾಗಾಗಿ ತುಪ್ಪ ಮನೆಯಲ್ಲೇ ಉಳಿಯಿತು. ಊರಿನ ಕೋಆಪ್ ಅಂಗಡಿಯಿಂದ ನಾಲ್ಕು ಫ್ರಾಂಕಿನ ಬೆಣ್ಣೆ ತಂದು ಅಮ್ಮನೇ ಕಾಯಿಸಿದರು. ಮಂದ ಉರಿಯಲ್ಲಿ, ಗಸಿ ಕಂದುಬಣ್ಣಕ್ಕೆ ತಿರುಗೋವರೆಗೆ. ಅಷ್ಟು ಘಮ ನಮ್ಮ ಮನೆಯ ತುಪ್ಪಕ್ಕೂ ಬಂದಿದ್ದು ನನಗೆ ನೆನಪಿಲ್ಲ. ಸಾರಿನಪುಡಿ, ಚಟ್ನಿಪುಡಿ, ಅವಲಕ್ಕಿ ಊರಿನವು. ತರಕಾರಿ, ಮೊಸರು ಅಲ್ಲಿಯವು. ಮೂವರಿಗೂ ಸೇರಿ ದಿನಕ್ಕೆ 40 ಫ್ರಾಂಕ್ ದಾಟಲಿಲ್ಲ.

ಎರಡು ದಿನ ಪೂರ್ತಿ ಮೋಡ, ಎದುರು ಮನೆಯೇ ಕಾಣಲಿಲ್ಲ. ಒಂದೇ ಊರಲ್ಲಿ ಬೀಡು ಬಿಟ್ಟಿದ್ದರಿಂದ ನಷ್ಟವಾಗಲಿಲ್ಲ. ಬಿಸಿಲು ಬಂದ ಬೆಳಿಗ್ಗೆ ಪುಟ್ಟ ರೈಲಿನಲ್ಲಿ ನಡುವಿನ ನಿಲ್ದಾಣ ವಿಂಟರೆಗ್‌ಗೆ ಹೋಗಿ, ಹಳಿಯ ಪಕ್ಕದ ದಾರಿಯಲ್ಲಿ ಮ್ಯೂರೆನ್‌ಗೆ ವಾಪಸ್ ನಡೆದೆವು. ಬೇರೆಯವರಿಗೆ ಮುಕ್ಕಾಲು ಗಂಟೆ, ನಮಗೆ ಎರಡು. ಕೆಳಗಿನ ಗಿಮ್ಮೆಲ್ವಾಲ್ಡ್‌ಗೆ ಎರಡೂ ಕಡೆ ಕೇಬಲ್ ಕಾರು ಹಿಡಿದೆವು. ನಡೆದರೆ 270 ಮೀಟರ್ ಎತ್ತರದಷ್ಟು ಇಳಿಯಬೇಕು, ಮಂಡಿಗೆ ಏರಿಗಿಂತ ಇಳಿಜಾರೇ ಶತ್ರು. ನೂರಮೂವತ್ತು ಜನರಿರಬಹುದಾದ ಆ ಊರಿನಲ್ಲಿ ಅಂಗಡಿಯವರೇ ಇಲ್ಲದ ಅಂಗಡಿ ಇದೆ, ಸಾಮಾನು ತೆಗೆದುಕೊಂಡು ದುಡ್ಡು ಇಟ್ಟು ಬರಬೇಕು. ಕಡಿದಾದ ಇಳಿಜಾರಿನಲ್ಲಿ ಒಬ್ಬ ಅಜ್ಜ ಉದ್ದ ಹಿಡಿಯ ಕುಡುಗೋಲಿನಲ್ಲಿ ಹುಲ್ಲು ಕೊಯ್ಯುತ್ತಿದ್ದರು. ಹತ್ತು ಬೀಸಿಗೊಮ್ಮೆ ಸೊಂಟದ ಡಬ್ಬಿಯಿಂದ ಒದ್ದೆ ಸಾಣೆಕಲ್ಲು ತೆಗೆದು ಮಸೆಯೋದು, ಮತ್ತೆ ಬೀಸೋದು. ಅಮ್ಮ ಅರ್ಧ ಗಂಟೆ ಅಲ್ಲಿಂದ ಕದಲಲಿಲ್ಲ.

ದುಡ್ಡಿನ ವಿಷಯ. ರೈಲು, ಬಸ್ಸುಗಳಿಗೆಲ್ಲ ನಡೆಯುವ ಎಂಟು ದಿನದ ಟ್ರಾವೆಲ್ ಪಾಸಿಗೆ ಆಗ ತಲಾ 390 ಫ್ರಾಂಕ್ ಹತ್ತಿರ ಇತ್ತು. ಒಂದೇ ಊರಲ್ಲಿ ಇರುವವರಿಗೆ ಅದು ದಂಡ. ಟಿಕೆಟ್ಟನ್ನು ಅರ್ಧ ದರಕ್ಕೆ ಕೊಡಿಸುವ ಹಾಫ್ ಫೇರ್ ಕಾರ್ಡನ್ನು ಆಗ ತಲಾ 120 ಫ್ರಾಂಕಿಗೆ ತೆಗೆದುಕೊಂಡೆವು, ಟಿಕೆಟ್ಟುಗಳೆಲ್ಲ ಸೇರಿಸಿದರೂ ತಲಾ 300ಕ್ಕೆ ಮುಗಿಯಿತು. ಬೆಟ್ಟದ ಮೇಲಿನ ರೈಲು ನಿಲ್ದಾಣ ಯುಂಗ್‌ಫ್ರಾವ್‌ಯೋಖ್‌ಗೆ ಹೋಗಲಿಲ್ಲ; 3454 ಮೀಟರ್ ಎತ್ತರಕ್ಕೆ ಅಮ್ಮನನ್ನು ಒಯ್ಯುವ ಧೈರ್ಯ ನನಗಿಲ್ಲ, ಅರ್ಧ ದರದಲ್ಲೂ ತಲಾ ನೂರು ಫ್ರಾಂಕ್ ಮೀರುತ್ತೆ. ವಿಮಾನ, ವೀಸಾ, ವಿಮೆ, ಮನೆ, ಊಟ ಎಲ್ಲ ಸೇರಿ ತಲಾ ಒಂದೂವರೆ ಲಕ್ಷದ ಆಸುಪಾಸು. ದೊಡ್ಡಪ್ಪ ತೋರಿಸಿದ್ದ ಪ್ಯಾಕೇಜಿಗೆ ಎರಡೂವರೆ ಲಕ್ಷ.

ಈಗ ಅದೇ ದೊಡ್ಡಪ್ಪ ನನ್ನ ಲೆಕ್ಕದ ಹಾಳೆ ಕೇಳಿ ಇಸ್ಕೊಂಡಿದ್ದಾರೆ. ನಾನು ವಾಲೆ ಪ್ರಾಂತ್ಯದ ಬೆಟ್ಮರ್‌ಆಲ್ಪ್ ಮೇಲೆ ಕಣ್ಣಿಟ್ಟಿದ್ದೇನೆ. ಅದೂ ಕಾರಿಲ್ಲದ ಊರು, ಕೇಬಲ್ ಕಾರೇ ದಾರಿ, ಮೇಲೆ ಹತ್ತಿದರೆ ಆಲ್ಪ್ಸ್‌ನ ಅತಿದೊಡ್ಡ ಹಿಮನದಿ ಅಲೆಚ್ ಕಾಣುತ್ತೆ. ಅಲ್ಲಿ ಮುಖ್ಯ ದಾರಿ ಎಷ್ಟು ಸಮತಟ್ಟು ಅಂತ ಮನೆ ಮಾಲೀಕರೊಬ್ಬರಿಗೆ ಬರೆದು ಕೇಳಿದ್ದೇನೆ.