ಗೋಡೆ ತೊಳೆಯುವ ಮುನ್ನ: ಯಹೂದಿ ದ್ವೇಷದ ಘಟನೆಗಳನ್ನು ಜಂಟಿಯಾಗಿ ದಾಖಲಿಸುವ ಕ್ರಮ

1959ರ ಕ್ರಿಸ್‌ಮಸ್ ರಾತ್ರಿ ಪಶ್ಚಿಮ ಜರ್ಮನಿಯ ಕೊಲೋನ್ ನಗರದಲ್ಲಿ, ಅದೇ ಸೆಪ್ಟೆಂಬರ್‌ನಲ್ಲಷ್ಟೇ ಮತ್ತೆ ಬಾಗಿಲು ತೆರೆದಿದ್ದ ಸಿನಗಾಗಿನ (ಯಹೂದಿಗಳ ಪ್ರಾರ್ಥನಾ ಮಂದಿರದ) ಗೋಡೆಯ ಮೇಲೆ ಇಬ್ಬರು ಯುವಕರು ನಾಜಿ ಸ್ವಸ್ತಿಕವನ್ನೂ ಯಹೂದಿಗಳು ತೊಲಗಬೇಕೆಂಬ ಘೋಷಣೆಯನ್ನೂ ಬಳಿದರು. ಮುಂದಿನ ವಾರಗಳಲ್ಲಿ ಈ ಪಿಡುಗು ಹಲವು ದೇಶಗಳಿಗೆ ಹಬ್ಬಿತು. ಜನವರಿ 28ರ ಹೊತ್ತಿಗೆ ಪಶ್ಚಿಮ ಜರ್ಮನಿಯ ಸರ್ಕಾರ 470 ಘಟನೆಗಳನ್ನು ಎಣಿಸಿತ್ತು. ಮಕ್ಕಳ ಗೀಚಾಟವೆಂದು ಕಂಡ 215ನ್ನು ಬೇರೆಯಾಗಿಯೇ ಇಟ್ಟಿತ್ತು. ಹೀಗೆ ಬೇರ್ಪಡಿಸಿ ಇಟ್ಟ ಲೆಕ್ಕವನ್ನು ಅಲ್ಲಗಳೆಯುವುದು ಕಷ್ಟ.

ಆದ್ದರಿಂದ ಹಲವು ಸಂಘಟನೆಗಳು ಕೈಜೋಡಿಸುವಾಗ, ಎಣಿಕೆಗೆ ಮೊದಲು ಎಲ್ಲರೂ ಒಪ್ಪುವ ಒಂದೇ ನಮೂನೆಯನ್ನು ಸಿದ್ಧಪಡಿಸಬೇಕು. ಬ್ರಿಟನ್ನಿನಲ್ಲಿ 1984ರಿಂದ ನಡೆದುಬಂದಿರುವ, ಯಹೂದಿ ಸಮುದಾಯದ ಸುರಕ್ಷತೆ ನೋಡಿಕೊಳ್ಳುವ ಕಮ್ಯುನಿಟಿ ಸೆಕ್ಯುರಿಟಿ ಟ್ರಸ್ಟ್ ಎಂಬ ಸಂಸ್ಥೆ ಈಗ ನಿರ್ವಹಿಸುವ ದಾಖಲಾತಿಯಲ್ಲಿ ಆರು ವರ್ಗಗಳಿವೆ: ತೀವ್ರ ಹಿಂಸೆ, ಹಲ್ಲೆ, ಆಸ್ತಿಹಾನಿ ಮತ್ತು ಅಪವಿತ್ರಗೊಳಿಸುವಿಕೆ, ಬೆದರಿಕೆ, ನಿಂದನೆ, ಸಾಮೂಹಿಕವಾಗಿ ಹಂಚಿದ ದ್ವೇಷಸಾಹಿತ್ಯ. ಹೊಸದಾಗಿ ಆರಂಭಿಸುವವರಿಗೆ ಇದು ಒಳ್ಳೆಯ ಮಾದರಿ.

ಗೋಡೆಬರಹ ಕಂಡೊಡನೆ ಅದನ್ನು ತೊಳೆದುಬಿಡಬೇಕೆನ್ನುವ ಮನೆಯವರ ಸಂಕಟ ಸಹಜವಾದದ್ದು. ಆದರೂ ಮೊದಲು ಚಿತ್ರ ತೆಗೆಯಿರಿ: ಒಂದು ಹತ್ತಿರದಿಂದ, ಇನ್ನೊಂದು ಬಾಗಿಲು ಅಥವಾ ಬೀದಿಯ ಗುರುತು ಕಾಣುವಂತೆ. ಬರೆದ ಮಾತನ್ನು ಕಾಗುಣಿತದ ತಪ್ಪೂ ಸೇರಿದಂತೆ ಇದ್ದಂತೆಯೇ ನಕಲು ಮಾಡಿ, ದಿನಾಂಕ, ವೇಳೆ ಮತ್ತು ಮೊದಲು ಕಂಡವರ ಹೇಳಿಕೆಯನ್ನು ಅದೇ ದಿನ ಬರೆದುಕೊಳ್ಳಿ. ಹೊಸ್ತಿಲಲ್ಲಿ ಸ್ವಸ್ತಿಕ ಬರೆದು ಬೆಳೆದ ನಮ್ಮಂಥವರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು: ಚಿಹ್ನೆಯ ಹೆಸರಷ್ಟೇ ಸಾಲದು, ಅದನ್ನು ಯಾರ ಬಾಗಿಲಿಗೆ, ಯಾವ ಮಾತಿನ ಜೊತೆ ಬಳಿದಿದ್ದಾರೆ ಎಂಬುದೂ ದಾಖಲಾಗಬೇಕು.

ಒಂದೇ ಘಟನೆ ಸಿನಗಾಗಿನಿಂದಲೂ ಶಾಲೆಯಿಂದಲೂ ಪೊಲೀಸರಿಂದಲೂ ವರದಿಯಾಗಬಹುದು. ಸ್ಥಳ ಮತ್ತು ವೇಳೆಯನ್ನು ತಾಳೆ ನೋಡಿ, ಮೂರಕ್ಕೂ ಒಂದೇ ಕ್ರಮಸಂಖ್ಯೆ ನೀಡಬೇಕು. ಇಸ್ರೇಲ್ ಸರ್ಕಾರದ ನೀತಿಯ ಟೀಕೆಯನ್ನು ಪಟ್ಟಿಗೆ ಸೇರಿಸಬಾರದು. ಆ ಸಿಟ್ಟನ್ನು ಬೀದಿಯಲ್ಲಿ ಹೋಗುವ ಯಹೂದಿಯ ಮೇಲೆ ತೀರಿಸಿಕೊಂಡಿದ್ದರೆ ಖಂಡಿತ ಸೇರಿಸಬೇಕು. ಸಂತ್ರಸ್ತರ ಹೆಸರು ಮತ್ತು ವಿಳಾಸವನ್ನು ಪ್ರತ್ಯೇಕ ಕಡತದಲ್ಲಿಟ್ಟು, ಅವರ ಒಪ್ಪಿಗೆಯಿಲ್ಲದೆ ಯಾರಿಗೂ ಕೊಡಬಾರದು.

ಪರಿಶೀಲನೆಯಲ್ಲಿ ನಿಲ್ಲದ ದೂರುಗಳನ್ನು ಎಸೆಯದೆ, ಕೈಬಿಟ್ಟ ಕಾರಣದೊಂದಿಗೆ ಉಳಿಸಿ, ಅವುಗಳ ಸಂಖ್ಯೆಯನ್ನೂ ವಾರ್ಷಿಕ ವರದಿಯಲ್ಲಿ ಪ್ರಕಟಿಸಬೇಕು.