ಪರದೆಯ ಕೆಲಸ ಪುಟ್ಟ ಬೋರ್ಡಿಗೆ

ಸದ್ದು ಮಾಡುವ ದೊಡ್ಡ ಲಿನಕ್ಸ್ ಕಂಪ್ಯೂಟರ್ ಮೇಜಿನ ಪಕ್ಕದಲ್ಲೇ ಇರಬೇಕೆಂದೇನಿಲ್ಲ. ಅದನ್ನು ಬೇರೆ ಕೋಣೆಗೆ ಸಾಗಿಸಿ. ಮೇಜಿನ ಮೇಲೆ ಮಾನಿಟರ್, ಕೀಬೋರ್ಡ್, ಮೌಸ್, ರಾಸ್ಪ್‌ಬೆರಿ ಪೈ ಎಂಬ ಒಂದು ಪುಟ್ಟ ಕಂಪ್ಯೂಟರ್ ಬೋರ್ಡು ಇದ್ದರೆ ಸಾಕು. ಪ್ರೋಗ್ರಾಂ ಓಡುವುದು ಆ ಕೋಣೆಯಲ್ಲಿ, ಅದರ ಕಿಟಕಿ ಕಾಣುವುದು ಈ ಮೇಜಿನ ಮೇಲೆ. ಲಿನಕ್ಸ್ ಪರದೆಯಲ್ಲಿ ಕಿಟಕಿಗಳನ್ನು ತೋರಿಸುವ ಎಕ್ಸ್ ವಿಂಡೋ ಸಿಸ್ಟಮ್ (ಚಿಕ್ಕದಾಗಿ ಎಕ್ಸ್) 1984ರಲ್ಲಿ ಎಂಐಟಿಯಲ್ಲಿ ಶುರುವಾದದ್ದೇ ನೆಟ್‌ವರ್ಕ್ ಮೇಲೆ ಹೀಗೆ ದುಡಿಯಲೆಂದು.

ಒಂದು ಗೊಂದಲ ಮೊದಲೇ ಬಿಡಿಸಿಕೊಳ್ಳೋಣ. ಇಲ್ಲಿ ಸರ್ವರ್ ಅಂದರೆ ದೊಡ್ಡ ಯಂತ್ರವಲ್ಲ. ಪರದೆ ಯಾವುದರ ಕೈಯಲ್ಲಿದೆಯೋ ಅದೇ ಸರ್ವರ್, ಅಂದರೆ ಪುಟ್ಟ ಬೋರ್ಡು. ‘ಇಲ್ಲೊಂದು ಕಿಟಕಿ ತೆರೆ, ಅಲ್ಲಿ ಈ ಅಕ್ಷರ ಬರೆ’ ಎಂದು ಕೇಳುವ ಪ್ರೋಗ್ರಾಂಗಳು ಅದರ ಗಿರಾಕಿಗಳು, ಅಂದರೆ ಕ್ಲೈಂಟ್‌ಗಳು. ತಲೆಕೆಳಗಾಗಿದೆ ಅನ್ನಿಸುತ್ತೆ, ಅಲ್ವಾ?

ಬೋರ್ಡಿಗೆ ರಾಸ್ಪ್‌ಬೆರಿ ಪೈ ಓಎಸ್‌ನ ಡೆಸ್ಕ್‌ಟಾಪ್ ಇಲ್ಲದ ಲೈಟ್ ಆವೃತ್ತಿ ಹಾಕಿ. ಅದರ ಮೇಲೆ ಎಕ್ಸ್‌ಆರ್ಗ್ (ಎಕ್ಸ್ ಸರ್ವರ್), ಎಕ್ಸ್‌ಇನಿಟ್ (ಅದನ್ನು ಶುರು ಮಾಡಲು), ಎಕ್ಸ್‌ಟರ್ಮ್ (ಟರ್ಮಿನಲ್), ಓಪನ್‌ಬಾಕ್ಸ್ (ಕಿಟಕಿಗಳನ್ನು ಸರಿಸಲು) ಇಷ್ಟೇ ಸಾಕು. ವೈಫೈ ಬೇಡ, ನೆಟ್‌ವರ್ಕ್ ಕೇಬಲ್ ಎಳೆಯಿರಿ. ಎಕ್ಸ್‌ನ ಪ್ರೋಗ್ರಾಂಗಳು ಸರ್ವರನ್ನು ಪದೇ ಪದೇ ಏನೋ ಕೇಳಿ ಉತ್ತರಕ್ಕೆ ಕಾಯುತ್ತವೆ. ಪ್ರತಿ ಸಲ ಚೂರು ತಡವಾದರೂ ಮೆನು ತೆವಳುತ್ತದೆ.

ದೊಡ್ಡ ಯಂತ್ರದಲ್ಲಿ ಪರದೆ ಬಳಸುವ ಅನುಮತಿಯ ಕೀಲಿ ನೋಡಿಕೊಳ್ಳುವ ಎಕ್ಸ್‌ಆಥ್ ಇರಲಿ. ದೂರದಿಂದ ಸುರಕ್ಷಿತವಾಗಿ ಲಾಗಿನ್ ಆಗಲು ಬಿಡುವುದು ಎಸ್‌ಎಸ್‌ಎಚ್. ದೊಡ್ಡ ಯಂತ್ರದ ಎಸ್‌ಎಸ್‌ಎಚ್ ಸರ್ವರ್ ಸೆಟ್ಟಿಂಗಿನಲ್ಲಿ ಎಕ್ಸ್11 ಫಾರ್ವರ್ಡಿಂಗ್‌ಗೆ, ಅಂದರೆ ಎಕ್ಸ್‌ನ ಮಾತುಕತೆಯನ್ನು ಅದರ ಮೂಲಕ ದಾಟಿಸಲು, ‘ಯೆಸ್’ ಅನ್ನಿ. ಬೋರ್ಡಿನಲ್ಲಿ ಎಕ್ಸ್ ಶುರು ಮಾಡಿ, ಟರ್ಮಿನಲ್ಲಿನಿಂದ ಎಸ್‌ಎಸ್‌ಎಚ್‌ಗೆ ದೊಡ್ಡಕ್ಷರದ ಎಕ್ಸ್ ಆಯ್ಕೆ ಕೊಟ್ಟು ಲಾಗಿನ್ ಆಗಿ. ಕಿಟಕಿ ಯಾವ ಪರದೆಗೆ ಹೋಗಬೇಕೆಂದು ಹೇಳುವ ಡಿಸ್‌ಪ್ಲೇ ವೇರಿಯಬಲ್ಲಿನಲ್ಲಿ ಏನಿದೆ ನೋಡಿ. ಸಾಮಾನ್ಯವಾಗಿ ‘ಲೋಕಲ್‌ಹೋಸ್ಟ್:10.0’ ಎಂದಿರುತ್ತದೆ. ಈಗ ಎಕ್ಸ್‌ಕ್ಲಾಕ್ ಓಡಿಸಿ. ಗಡಿಯಾರ ನಡೆಯುವುದು ಆ ಕೋಣೆಯಲ್ಲಿ, ಮುಳ್ಳು ಕಾಣುವುದು ನಿಮ್ಮೆದುರು.

ಡಿಸ್‌ಪ್ಲೇ ಖಾಲಿ ಬಂದರೆ ಸುಮ್ನೆ ಕೈಯಾರೆ ಏನೋ ತುಂಬಿಸಬೇಡಿ. ಎಕ್ಸ್‌ಆಥ್ ಇದೆಯೇ, ಸೆಟ್ಟಿಂಗ್ ಬದಲಿಸಿದ ಮೇಲೆ ಎಸ್‌ಎಸ್‌ಎಚ್ ಸರ್ವರ್ ಮತ್ತೆ ಶುರು ಮಾಡಿದಿರಾ, ನೋಡಿ. ಬೇಸತ್ತು, ಯಾರು ಬೇಕಾದರೂ ಪರದೆ ಬಳಸಲಿ ಎನ್ನುವ ‘ಎಕ್ಸ್‌ಹೋಸ್ಟ್ ಪ್ಲಸ್’ ಆದೇಶ ಒತ್ತುವವರಿದ್ದಾರೆ. ಅದು ಬೀಗ ತೆಗೆದು ಬಾಗಿಲು ಹಾರುಹೊಡೆದಂತೆ.

ಎಡಿಟರ್, ಟರ್ಮಿನಲ್‌ಗಳು ಸಲೀಸು. ವಿಡಿಯೋ ಮಾತ್ರ ಕೇಳಬೇಡಿ. 1920×1080ರ ಒಂದು ಚಿತ್ರವೇ ಸುಮಾರು 8 ಎಂಬಿ. ಸೆಕೆಂಡಿಗೆ 60 ಕಳಿಸಲು ಹೆಚ್ಚುಕಡಿಮೆ 4 ಗಿಗಾಬಿಟ್ ಬೇಕು, ನಮ್ಮ ಕೇಬಲ್ಲಿನದು 1. ಸಿನಿಮಾ ನೋಡಬೇಕಾದರೆ ಪ್ಲೇಯರನ್ನು ಬೋರ್ಡಿನಲ್ಲೇ ಓಡಿಸಿ.

ಇನ್ನೊಂದು ವಿಷಯ: ಬೋರ್ಡಿನ ಕರೆಂಟು ಹೋದರೆ ಅದರ ಪರದೆಗೆ ಅಂಟಿಕೊಂಡ ಪ್ರೋಗ್ರಾಂಗಳೂ ಸಾಯುತ್ತವೆ. ಗಂಟೆಗಟ್ಟಲೆ ಓಡುವ ಕೆಲಸವನ್ನು ದೊಡ್ಡ ಯಂತ್ರದಲ್ಲಿ, ಸಂಪರ್ಕ ಕಡಿದರೂ ಟರ್ಮಿನಲ್ ಕೆಲಸವನ್ನು ಜೀವಂತ ಇಡುವ ಟಿಮಕ್ಸ್ ಒಳಗೆ ಹಾಕಿಡಿ.