ಎಸ್ಪ್ರೆಸೊ ಮಷಿನ್ ಉಡುಗೊರೆ ಕೊಡುವ ಮುಂಚೆ

ಮದುವೆಗೆ, ಗೃಹಪ್ರವೇಶಕ್ಕೆ ಎಸ್ಪ್ರೆಸೊ ಮಷಿನ್ ಕೊಡಬೇಕು ಅಂದುಕೊಂಡವರಿಗೆ ಈ ಮಾತು. ಎಸ್ಪ್ರೆಸೊ ಅಂದರೆ ಬಿಸಿನೀರನ್ನು ಒತ್ತಡದಲ್ಲಿ ಕಾಫಿ ಪುಡಿಯ ಮೂಲಕ ಹಾಯಿಸಿ ಮಾಡುವ ಗಟ್ಟಿ ಕಾಫಿ. ಅಗ್ಗದ ಮಷಿನ್‌ಗಳಲ್ಲಿ ಎರಡು ಥರ. ಬರೀ ಹಬೆಯ ಒತ್ತಡದಲ್ಲಿ ನಡೆಯುವುದು ಒಂದು. ಅದರಲ್ಲಿ ಕಾಫಿ ಸ್ಟ್ರಾಂಗ್ ಆಗುತ್ತದೆ, ಆದರೆ ಮೇಲೆ ದಪ್ಪ ನೊರೆ ಕೂರುವುದಿಲ್ಲ. ಇನ್ನೊಂದರಲ್ಲಿ ಪಂಪ್ ಇರುತ್ತದೆ. ಅದನ್ನೇ ತಗೊಳ್ಳಿ. ಎಸ್ಪ್ರೆಸೊಗೆ ಬೇಕಾದದ್ದು ಸುಮಾರು 9 ಬಾರ್ ಒತ್ತಡ. ಡಬ್ಬದ ಮೇಲೆ 15, 20 ಅಂತ ಬರೆದಿರುತ್ತಾರೆ. 20 ಇದ್ದರೆ ರುಚಿ ಜಾಸ್ತಿ ಅಂತೇನಿಲ್ಲ, ಅದಕ್ಕಾಗಿ ಸುಮ್ನೆ ಹೆಚ್ಚು ದುಡ್ಡು ಕೊಡಬೇಡಿ.

ನೀವು ಉಡುಗೊರೆ ಕೊಡುವವರ ಮನೆಯಲ್ಲಿ ಕಾಫಿ ಗ್ರೈಂಡರ್ ಇಲ್ಲ ಅಲ್ವಾ? ಹಾಗಿದ್ದರೆ ಪ್ರೆಷರೈಸ್ಡ್ ಬಾಸ್ಕೆಟ್ (ಪುಡಿ ಹಾಕುವ, ಒತ್ತಡವನ್ನು ತಾನೇ ಹೆಚ್ಚಿಸುವ ಜಾಲರಿ ಬಟ್ಟಲು) ಇರುವುದನ್ನು ಕೇಳಿ. ಅದರಲ್ಲಿ ಅಂಗಡಿಯ ರೆಡಿ ಪುಡಿಯಲ್ಲೂ ಕಾಫಿ ಚೆನ್ನಾಗಿ ಇಳಿಯುತ್ತದೆ. ಚಿಕೋರಿ ಬೆರೆಸಿದ ಫಿಲ್ಟರ್ ಪುಡಿ ಮಾತ್ರ ಬೇಡ, ಜಾಲರಿ ಕಟ್ಟಿಕೊಳ್ಳಬಹುದು. ಚಿಕ್ಕಮಗಳೂರಿನ ಶುದ್ಧ ಕಾಫಿ ಪುಡಿ 250 ಗ್ರಾಂ ಜೊತೆಗಿಟ್ಟು ಕೊಟ್ಟರೆ ಅವತ್ತೇ ಮಾಡಿ ಕುಡಿಯುತ್ತಾರೆ.

ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ದೊಡ್ಡ ವಿಷಯ ನೀರು. ಮಲಪ್ರಭೆ ನೀರು ದಿನಾ ಬರದ ಓಣಿಗಳಲ್ಲಿ ಬೋರಿನ ನೀರೇ ಗತಿ. ಗಡಸು ನೀರು ಹಾಕಿದರೆ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರ ಮಷಿನ್ ಕೊಳವೆಯೊಳಗೂ ಕಟ್ಟುತ್ತದೆ. ಆಮೇಲೆ ಪಂಪ್ ಒದ್ದಾಡುತ್ತದೆ. ಫಿಲ್ಟರ್ ನೀರನ್ನೇ ಹಾಕಿ ಅಂತ ಬಾಯಿಬಿಟ್ಟು ಹೇಳಿ. ಆ ಬಿಳಿ ಪದರ ತೆಗೆಯುವ ಡೀಸ್ಕೇಲಿಂಗ್ ಪುಡಿಯ ಪೊಟ್ಟಣವನ್ನೂ ಕೊಡಿ. ರಿಪೇರಿ ಹುಬ್ಬಳ್ಳಿಯಲ್ಲೇ ಆಗುತ್ತದಾ ಅಂತ ಬಿಲ್ ಮಾಡಿಸುವ ಮೊದಲೇ ಕೇಳಿ.

ಬಜೆಟ್ ಅಷ್ಟಿಲ್ಲದಿದ್ದರೆ ಮೋಕಾ ಪಾಟ್, ಅಂದರೆ ಒಲೆಯ ಮೇಲಿಟ್ಟು ಕಾಫಿ ಮಾಡುವ ಪಾತ್ರೆ, ಕೊಡಿ. ಎಸ್ಪ್ರೆಸೊ ಅಲ್ಲ, ಆದರೆ ಗಟ್ಟಿ ಕಾಫಿ ಸಿಗುತ್ತದೆ, ಗ್ಯಾಸ್ ಒಲೆಯಾದರೆ ಕರೆಂಟೂ ಬೇಡ. ಅವರದು ಇಂಡಕ್ಷನ್ ಒಲೆಯಾದರೆ ಅಲ್ಯೂಮಿನಿಯಂ ಬಿಟ್ಟು, ಇಂಡಕ್ಷನ್‌ಗೆ ಆಗುವ ಸ್ಟೀಲಿನದು ನೋಡಿ.